ಭಾನುವಾರದ ಹೋಟೆಲ್ ಊಟವೋ, ವರ್ಷಕ್ಕೊಂದು ವಿದೇಶವೋ? ಐದು ಜನರ ಲೆಕ್ಕ ನೋಡಿ ಹೇಳಿ

ಕುವೆಂಪುನಗರದ ಲೆಕ್ಕದಮ್ಮ, ಮೈಸೂರು

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ನಮ್ಮ ಮನೆಯಲ್ಲಿ ಒಂದೇ ಪಂಚಾಯ್ತಿ. ತೀರ್ಪು ನೀವೇ ಹೇಳಬೇಕು.

ನಾನು ಖರ್ಚಿನ ಪುಸ್ತಕ ಬರೆಯುವವಳು. ಹಾಲು, ಹೂವು, ಗ್ಯಾಸು, ಆಟೋ, ಒಂದೂ ಬಿಡುವುದಿಲ್ಲ. ಮಾರ್ಚ್ ಕೊನೆಯಲ್ಲಿ ಕೂಡಿ ನೋಡಿದರೆ ಭಾನುವಾರ ಸಂಜೆಯ ಹೋಟೆಲ್ ಊಟಕ್ಕೇ ಹತ್ತಿರ ಹತ್ತಿರ 91,000 ರೂಪಾಯಿ ಹೋಗಿದೆ. ತಪ್ಪಿರಬೇಕು ಅಂತ ಇನ್ನೊಂದು ಸಲ ಕೂಡಿದೆ. ಅಷ್ಟೇ ಬಂತು. 48 ಭಾನುವಾರ, ಸಲಕ್ಕೆ ಸುಮಾರು 1,900.

ತಿನ್ನುವುದೇನು ದೊಡ್ಡದಲ್ಲ. ಎರಡು ಸೂಪು ಒನ್ ಬೈ ಟು, ಗೋಬಿ ಮಂಚೂರಿ, ರೋಟಿ, ಪನೀರ್ ಬಟರ್ ಮಸಾಲ, ಒಂದು ಫ್ರೈಡ್ ರೈಸ್, ಅತ್ತೆಗೆ ಮೊಸರನ್ನ, ಮಕ್ಕಳಿಗೆ ಐಸ್‌ಕ್ರೀಮ್, ಎರಡು ಬಾಟಲಿ ನೀರು. ಮೇಲೆ ಶೇ 5 ಜಿಎಸ್‌ಟಿ. ಕಾರು ಹತ್ತುವಾಗ ಯಾರಿಗೂ ಏನು ತಿಂದೆವು ಅಂತ ನೆನಪಿರುವುದಿಲ್ಲ.

ನಮ್ಮ ಯಜಮಾನರು ಪುಸ್ತಕ ನೋಡಿದವರೇ, “ಒಂದು ವರ್ಷ ಹೋಟೆಲ್ ಬಂದ್. ಆ ದುಡ್ಡಲ್ಲಿ ಎಲ್ಲರೂ ಫಾರಿನ್ ನೋಡಿಕೊಂಡು ಬರೋಣ” ಅಂದರು. ಮಕ್ಕಳು ಮೊದಲು ಕುಣಿದರು. ಮುಂದಿನ ಭಾನುವಾರ ಮನೆಯಲ್ಲಿ ಹುರುಳಿಕಾಳು ಸಾರು ಮಾಡಿದಾಗ ಮುಖ ಊದಿಸಿಕೊಂಡರು.

ಇಲ್ಲೇ ಒಬ್ಬ ಏಜೆಂಟರನ್ನು ಕೇಳಿದೆ. ಸಿಂಗಾಪುರ ಮಲೇಷ್ಯಾ ಐದು ರಾತ್ರಿ, ಐದು ಜನಕ್ಕೆ 4,60,000 ಅಂದರು. ನಮ್ಮ ಶಕ್ತಿ ಎರಡು, ಹೆಚ್ಚೆಂದರೆ ಎರಡೂಕಾಲು ಲಕ್ಷ. ಮಗ ಈ ವರ್ಷ ಹತ್ತನೇ ಕ್ಲಾಸು, ಹಾಗಾಗಿ ಮುಂದಿನ ಏಪ್ರಿಲ್‌ವರೆಗೆ ಟೈಮ್ ಇದೆ. ಮಗಳು ಆರನೇ ಕ್ಲಾಸು. ಯಾರಿಗೂ ಪಾಸ್‌ಪೋರ್ಟ್ ಇಲ್ಲ.

ಇನ್ನು ಅತ್ತೆ. 66 ವರ್ಷ. ಮೊಟ್ಟೆ ವಾಸನೆಯೂ ಆಗುವುದಿಲ್ಲ. ಏಕಾದಶಿಗೆ ಉಪವಾಸ. ಚಾತುರ್ಮಾಸದಲ್ಲಿ ಹೊರಗೆ ನೀರೂ ಮುಟ್ಟುವುದಿಲ್ಲ. ಉಳಿದ ಎಂಟು ತಿಂಗಳು ಮಸಾಲೆ ದೋಸೆಗೆ ನಮಗಿಂತ ಮೊದಲು ಸೀರೆ ಉಟ್ಟು ನಿಂತಿರುತ್ತಾರೆ, ಅದು ಬೇರೆ. ಆದರೆ ಈರುಳ್ಳಿ ಬೆಳ್ಳುಳ್ಳಿ ಕಡಿಮೆ ಇದ್ದಷ್ಟೂ ಅವರಿಗೆ ಸಮಾಧಾನ. ಅವರನ್ನು ಬಿಟ್ಟು ಹೋಗುವ ಮಾತೇ ಇಲ್ಲ. ಆಗುತ್ತಾ ಇದು?


ಬೆಣ್ಣೆದೋಸೆ ಹುಡುಗ, ದಾವಣಗೆರೆ

ಅಕ್ಕ, ನೇಪಾಳಕ್ಕೆ ಹೋಗಿ. ನಮ್ಮ ದುಡ್ಡಿಗೆ ಅಲ್ಲಿ ಬೆಲೆ ಜಾಸ್ತಿ. 100 ರೂಪಾಯಿಗೆ ಅಲ್ಲಿಯ 160, ಯಾವಾಗಲೂ ಅದೇ ರೇಟು. ವೀಸಾ ಬೇಡ. ದೊಡ್ಡವರಿಗೆ ವೋಟರ್ ಐಡಿ ಇದ್ದರೆ ಪಾಸ್‌ಪೋರ್ಟೂ ಬೇಡ. ನಾವು ನಾಲ್ಕು ಜನ ಫ್ರೆಂಡ್ಸ್ ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲು ಹಿಡಿದು, ಸುನೌಲಿ ಗಡಿಯಲ್ಲಿ ನಡೆದುಕೊಂಡೇ ದಾಟಿದ್ವಿ. ರೈಲಲ್ಲಿ ಕೂತು ಕೂತು ಸೊಂಟ ಹೋಯ್ತು, ಅದೊಂದು ಬಿಟ್ಟರೆ ಮಜಾ.

ನಿಮ್ಮ ಅತ್ತೆಗೆ ಒಂದು ಮಾತು ಹೇಳಿ. ಕಠ್ಮಂಡುವಿನ ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರೇ. ಅವರು ಆಮೇಲೆ ಬೇರೆ ಯಾವ ದೇಶದ ಹೆಸರೂ ಎತ್ತುವುದಿಲ್ಲ.


ಕದ್ರಿ ಅಕ್ಕ, ಮಂಗಳೂರು

ನಾನು ಪ್ಯಾಕೇಜಲ್ಲಿ ಹೋಗಿ ಬೈದುಕೊಂಡು ಬಂದವಳು. ಆದರೂ ಪ್ಯಾಕೇಜ್ ಪರವಾಗಿ ಎರಡು ಮಾತು.

ಬ್ಯಾಂಕಾಕ್ ಪಟ್ಟಾಯ, ನಾಲ್ಕು ರಾತ್ರಿ. ಎಲ್ಲ ಸೇರಿದೆ ಅಂದಿದ್ದರು. ಸೇರದೇ ಇದ್ದದ್ದು: ದ್ವೀಪಕ್ಕೆ ಹೋಗುವ ಬೋಟು, ಗೈಡಿನ ಟಿಪ್ಸು, ಡ್ರೈವರಿನ ಟಿಪ್ಸು, ಮಧ್ಯಾಹ್ನದ ಊಟ. ಸೇರಿದ್ದದ್ದು: ರತ್ನದ ಅಂಗಡಿಯಲ್ಲಿ ಎರಡು ಗಂಟೆ. ನಾವೇನು ರತ್ನ ಕೇಳಿದ್ದೆವಾ? ರಾತ್ರಿ ಊಟ ನಾಲ್ಕು ದಿನವೂ ಒಂದೇ “ಇಂಡಿಯನ್” ಹೋಟೆಲು. ಬಸ್ಸು ಆರೂವರೆಗೆ ತಂದು ಇಳಿಸುತ್ತಿತ್ತು. ಅದೇ ಹಳದಿ ದಾಲು, ಅದೇ ಆಲೂಗಡ್ಡೆ ಗೋಬಿ. ಹೊರಗೆ ಬೀದಿ ತುಂಬ ಹಣ್ಣು, ತೆಂಗಿನಕಾಯಿ ಹೋಳಿಗೆ ಥರದ್ದೇನೋ ಸುಡುತ್ತಿದ್ದರು. ನಾವು ಬಸ್ಸಿನ ಗಾಜಿನಿಂದ ನೋಡಿದ್ದು.

ಆದರೆ ನನ್ನ ಅಮ್ಮನಿಗೆ 72, ಮಂಡಿ ನೋವು. ಬ್ಯಾಗು ಎತ್ತಲು ಜನ, ಬಾಗಿಲಿಗೆ ಬಸ್ಸು. ಅದಕ್ಕೆ ಕೊಟ್ಟ ದುಡ್ಡು ಅಂದುಕೊಂಡರೆ ಹೊಟ್ಟೆ ಉರಿಯುವುದಿಲ್ಲ. ನಿಮ್ಮ ಅತ್ತೆ ಎಷ್ಟು ನಡೆಯುತ್ತಾರೆ ಅಂತ ಮೊದಲು ನೋಡಿ, ಆಮೇಲೆ ದೇಶ ನೋಡಿ. ಸ್ವಂತವಾಗಿ ಹೋದರೂ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ಅದಕ್ಕೆ ದುಡ್ಡಿಲ್ಲ, ನಾಚಿಕೆಯೂ ಬೇಡ. ಆ ಏರ್‌ಪೋರ್ಟುಗಳು ನಮ್ಮ ಕದ್ರಿಯಿಂದ ಹಂಪನಕಟ್ಟೆಯಷ್ಟು ಉದ್ದ.

ಥಾಯ್ಲೆಂಡಿಗೇ ಹೋಗುವುದಾದರೆ “ಜೇ” ಅನ್ನುವ ಒಂದು ಮಾತು ಕಲಿತುಕೊಳ್ಳಿ. ಬರೀ ಸಸ್ಯಾಹಾರ ಅಂದರೆ ಮೀನಿನ ಸಾಸು ಹಾಕಿಯೇ ಕೊಡುತ್ತಾರೆ. ಜೇ ಅಂದರೆ ಅದೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಹಳದಿ ಬಾವುಟ ಕಟ್ಟಿರುತ್ತಾರೆ.


ಹೋಟೆಲ್ ಮಗ, ಹಾಸನ

ಲೆಕ್ಕದಮ್ಮನವರೇ, ನಿಮ್ಮ ಪುಸ್ತಕದ ಲೆಕ್ಕ ನೋಡಿ ಖುಷಿಯಾಯಿತು. ನಾನೂ ಅದೇ ಜಾತಿ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡಿದುಕೊಂಡು ಓದಿ.

ನಮ್ಮ ತಂದೆ ಕುಂದಾಪುರ ಕಡೆಯವರು. ಹಾಸನದಲ್ಲಿ 31 ವರ್ಷ ಆರು ಟೇಬಲಿನ ಹೋಟೆಲ್ ನಡೆಸಿದರು. ನಾನು ಗಲ್ಲಾದಲ್ಲಿ ಕೂತು ಬಿಕಾಂ ಓದಿದವನು. ಹೊರಗೆ ತಿನ್ನುವುದರ ಬಗ್ಗೆ ಅಪ್ಪನದು ಮೂರು ಮಾತು. ರುಬ್ಬಿದ ಹೊತ್ತಿಗೆ ಹೋಗು. ಮಧ್ಯಾಹ್ನ ಮೂರು ಗಂಟೆಗೆ ಯಾವ ಹೋಟೆಲಿಗೂ ಹೋಗಬೇಡ, ಬೆಳಗಿನ ಸಾಂಬಾರಿಗೆ ನೀರು ಬಿದ್ದಿರುತ್ತದೆ. ಮೆನು ಅಡುಗೆಮನೆಗಿಂತ ಉದ್ದ ಇದ್ದರೆ ಎದ್ದು ಬಾ.

ನಿಮ್ಮ ಭಾನುವಾರದ ಬಿಲ್ಲಿಗೆ ಈ ಮೂರನೇ ಮಾತು ಹಚ್ಚಿ ನೋಡಿ. ಗೋಬಿ, ಪನೀರು, ಫ್ರೈಡ್ ರೈಸು. ಈ ಮೆನು ಮೈಸೂರಲ್ಲೂ ಒಂದೇ, ಬೀದರಲ್ಲೂ ಒಂದೇ. ಒಂದೇ ಕೆಂಪು ಗ್ರೇವಿ ಬೆಳಿಗ್ಗೆ ಕುದಿಸಿಟ್ಟು ಅದಕ್ಕೆ ಪನೀರು ಹಾಕಿದರೆ ಪನೀರ್ ಬಟರ್ ಮಸಾಲ, ಅಣಬೆ ಹಾಕಿದರೆ ಮಶ್ರೂಮ್ ಮಸಾಲ. ನೀವು 1,900 ಕೊಡುವುದು ಎಸಿಗೆ ಮತ್ತು ಕುರ್ಚಿಗೆ.

ಹಾಗಂತ ಹೊರಗೆ ತಿನ್ನುವುದು ಬಿಡಬೇಡಿ. ವರ್ಷ ಪೂರ್ತಿ ಬಾಯಿ ಕಟ್ಟಿದ ಮಕ್ಕಳು ವಿದೇಶಕ್ಕೆ ಹೋದ ಮೊದಲ ದಿನವೇ ಪಿಜ್ಜಾ ಅಂಗಡಿ ಮುಂದೆ ಧರಣಿ ಕೂರುತ್ತಾರೆ. ಸಂಜೆ ಊಟವನ್ನು ಬೆಳಗಿನ ತಿಂಡಿಗೆ ತನ್ನಿ, ಸಾಕು. ಮೈಸೂರಲ್ಲಿ ಇದ್ದುಕೊಂಡು ಇದನ್ನು ನಾನು ಹೇಳಬೇಕಾ? ನಜರ್‌ಬಾದಿನ ಮೈಲಾರಿಗೆ ಏಳೂವರೆಗೆ ಹೋಗಿ ನಿಲ್ಲಿ. ಬೆಣ್ಣೆ, ಸಾಗು, ಬಿಳಿ ಚಟ್ನಿ, ಬಾಯಲ್ಲಿಟ್ಟರೆ ಕರಗುವ ದೋಸೆ. ಇನ್ನೊಂದು ವಾರ ಚಾಮುಂಡಿಪುರಂನ ಜಿಟಿಆರ್. ಐದು ಜನ ಹೊಟ್ಟೆ ತುಂಬ ತಿಂದು ಕಾಫಿ ಕುಡಿದರೂ ಸುಮಾರು 650ಕ್ಕೆ ಮುಗಿಯುತ್ತದೆ. ತಿಂಗಳಿಗೆ ಮೂರು ಭಾನುವಾರ ಹೀಗೆ, ಒಂದು ಭಾನುವಾರ ನಿಮ್ಮ ಪನೀರು. ವರ್ಷಕ್ಕೆ 36 ಸಲ, ಸಲಕ್ಕೆ 1,250 ಉಳಿತಾಯ. 45,000 ಆಯಿತು. ಯಾರೂ ಉಪವಾಸ ಇಲ್ಲ.

ಈಗ ವಿದೇಶ. ನನ್ನ ವೋಟು ಮಲೇಷ್ಯಾಕ್ಕೆ, ಅದರಲ್ಲೂ ಅಲ್ಲಿಯ ಪೆನಾಂಗ್ ದ್ವೀಪಕ್ಕೆ. ಸಿಂಗಾಪುರ ಸೇರಿಸಬೇಡಿ, ಅದು ನಿಮ್ಮ ಎರಡು ಲಕ್ಷವನ್ನು ಎರಡು ದಿನದಲ್ಲಿ ನುಂಗುತ್ತದೆ.

ನಾವು ಹೋಗಿದ್ದು 2024ರ ಫೆಬ್ರುವರಿ ಕೊನೆಯ ವಾರ. ನಾನು, ಹೆಂಡತಿ, ಮಗಳು, ನನ್ನ ಅಮ್ಮ. ಅದಕ್ಕೆ ಹತ್ತಿರ ಹತ್ತಿರ ಮೂರು ತಿಂಗಳು ಮೊದಲು, 2023ರ ಡಿಸೆಂಬರ್ 1ರಿಂದ, ಭಾರತೀಯರಿಗೆ 30 ದಿನದವರೆಗೆ ವೀಸಾ ಬೇಡ ಅಂತ ಮಾಡಿದ್ದರು. ಆಮೇಲೆ ಅದನ್ನು 2026ರ ಕೊನೆವರೆಗೂ ಮುಂದುವರಿಸಿದ್ದಾರೆ. ನೀವು ಟಿಕೆಟ್ ಮಾಡುವ ಮುಂಚೆ ಅವರ ಸರಕಾರಿ ಸೈಟಿನಲ್ಲಿ ಒಮ್ಮೆ ನೋಡಿಕೊಳ್ಳಿ. ಇಂಥವೆಲ್ಲ ಬದಲಾಗುತ್ತವೆ.

ನಮ್ಮ ಪುಸ್ತಕದಿಂದಲೇ ಬರೆಯುತ್ತಿದ್ದೇನೆ. ಬೆಂಗಳೂರು ಕೌಲಾಲಂಪುರ ಹೋಗಿಬರುವ ಟಿಕೆಟ್ ನಾಲ್ಕಕ್ಕೆ 62,400, ನಾಲ್ಕು ತಿಂಗಳು ಮೊದಲು ಮಾಡಿದ್ದು. ಕೌಲಾಲಂಪುರದಲ್ಲಿ ಎರಡು ರಾತ್ರಿ, ಪೆನಾಂಗ್‌ನಲ್ಲಿ ನಾಲ್ಕು. ನಾಲ್ಕು ಜನ ಮಲಗುವ ಒಂದೇ ರೂಮು, ದಿನಕ್ಕೆ 180 ರಿಂಗಿಟ್. ಆಗ ರಿಂಗಿಟ್‌ಗೆ ಹದಿನೇಳೂವರೆ ರೂಪಾಯಿ. ಈಗ ಇಪ್ಪತ್ತು ದಾಟಿದೆ, ನಿಮ್ಮ ಲೆಕ್ಕಕ್ಕೆ ಅದನ್ನೇ ಹಿಡಿಯಿರಿ. ರೂಮಿನ ಮೇಲೆ ವಿದೇಶೀಯರಿಗೆ ರಾತ್ರಿಗೆ 10 ರಿಂಗಿಟ್ ಪ್ರವಾಸಿ ತೆರಿಗೆ ಇದೆ. ಬುಕ್ ಮಾಡುವಾಗ ಕಾಣುವುದಿಲ್ಲ, ಕೌಂಟರಿನಲ್ಲಿ ಕೇಳುತ್ತಾರೆ. ಊಟ ತಿಂಡಿ ದಿನಕ್ಕೆ 95 ರಿಂಗಿಟ್ ಮೇಲೆ ಹೋಗಲಿಲ್ಲ, ನಾಲ್ಕೂ ಜನಕ್ಕೆ ಸೇರಿ. ರೈಲು, ಬಸ್ಸು, ಇನ್ಶೂರೆನ್ಸು, ಪಾಸ್‌ಪೋರ್ಟು, ಹೆಂಡತಿಯ ಬಾಟಿಕ್ ಬಟ್ಟೆ, ಎಲ್ಲ ಸೇರಿ 1,36,000 ಚಿಲ್ಲರೆ. ಇದರಲ್ಲಿ 3,800 ದಂಡ. ಅದನ್ನು ಆಮೇಲೆ ಹೇಳುತ್ತೇನೆ.

ಊಟದ ಖರ್ಚು ಇಷ್ಟು ಕಡಿಮೆ ಹೇಗೆ ಅಂದರೆ, ನಾವು ಅಲ್ಲಿ ತಿಂದದ್ದೂ ಅಪ್ಪನ ಲೆಕ್ಕದಲ್ಲೇ. ರೂಮಿನ ಜೊತೆ ತಿಂಡಿ ತೆಗೆದುಕೊಳ್ಳಲಿಲ್ಲ. ಪೆನಾಂಗ್‌ನ ಊರು ಜಾರ್ಜ್ ಟೌನ್. ಹಳೇ ಊರು, 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಅದರ ಮಧ್ಯದಲ್ಲೇ ಲಿಟಲ್ ಇಂಡಿಯಾ. ಲೆಬು ಪಸಾರ್, ಲೆಬು ಪೆನಾಂಗ್ ಅಂತ ನಾಲ್ಕೈದು ಬೀದಿ. ಮಲ್ಲಿಗೆ ಹೂವು, ಊದಿನಕಡ್ಡಿ, ಜೋರಾಗಿ ತಮಿಳು ಹಾಡು. 1833ರ ಮಾರಿಯಮ್ಮನ ಗುಡಿ ಅಲ್ಲೇ ಇದೆ. ರೂಮು ಆ ಬೀದಿಗಳಿಂದ ನಡೆದು ಹೋಗುವಷ್ಟು ಹತ್ತಿರ ಮಾಡಿ. ಇದೊಂದೇ ತೀರ್ಮಾನದಿಂದ ಅರ್ಧ ಖರ್ಚು ಇಳಿಯುತ್ತದೆ.

ಮೊದಲ ದಿನ ಬೆಳಿಗ್ಗೆ ಅಮ್ಮ ಏನೂ ತಿನ್ನುವುದಿಲ್ಲ ಅಂತ ಹಟ ಹಿಡಿದಿದ್ದರು. ಚೀಲದಲ್ಲಿ ಅವಲಕ್ಕಿ ಇದೆ, ನೀವು ತಿಂದು ಬನ್ನಿ ಅಂದರು. ಹೇಗೋ ಕರೆದುಕೊಂಡು ಹೋಗಿ ಒಂದು ತಮಿಳರ ಹೋಟೆಲಿನ ಬಾಗಿಲ ಹತ್ತಿರದ ಟೇಬಲಿಗೆ ಕೂರಿಸಿದೆ. ಅಲ್ಲಿ ಬೋರ್ಡಿನಲ್ಲಿ ದೋಸೆಯನ್ನು “ತೋಸೈ” ಅಂತ ಬರೆದಿರುತ್ತಾರೆ. ಕಾವಲಿ ಬೀದಿಗೆ ಮುಖ ಮಾಡಿಯೇ ಇತ್ತು. ಅವನು ಒಂದು ಲೋಟ ನೀರು ಎರಚಿದ. ಚುಂಯ್ ಅಂತು. ತೆಂಗಿನ ಕಡ್ಡಿಯ ಮೋಟು ಪೊರಕೆ ತೆಗೆದು ಎರಡು ಸಲ ಅಡ್ಡ, ಒಂದು ಸಲ ಉದ್ದ ಎಳೆದ. ಆಮೇಲೆ ಹಿಟ್ಟು. ಅಮ್ಮ ಅದನ್ನೇ ನೋಡುತ್ತಿದ್ದರು. ಅಪ್ಪ ಹೋಗಿ ಆಗ ಮೂರು ವರ್ಷ ಆಗಿತ್ತು. “ಇವನೂ ಎರಡು ಅಡ್ಡ ಒಂದು ಉದ್ದ” ಅಂದರು. ಮೂರು ದೋಸೆ ತಿಂದರು. ಅವಲಕ್ಕಿ ಹಾಗೇ ಹಾಸನಕ್ಕೆ ವಾಪಸ್ ಬಂತು.

ಇನ್ನೊಂದು ಗುಟ್ಟು, ನಿಮ್ಮ ಅತ್ತೆಗಾಗಿಯೇ. ಪೆನಾಂಗ್‌ನಲ್ಲಿ ಚೀನೀ ಬೌದ್ಧರ ಸಸ್ಯಾಹಾರಿ ಹೋಟೆಲುಗಳಿವೆ. ಅವರ ಶಾಸ್ತ್ರದಲ್ಲಿ ಈರುಳ್ಳಿ ಬೆಳ್ಳುಳ್ಳಿ ಎರಡೂ ನಿಷಿದ್ಧ. ನಮ್ಮ ಮಠದ ಊಟದಷ್ಟೇ ಕಟ್ಟುನಿಟ್ಟು. ಅನ್ನದ ತಟ್ಟೆ ಹಿಡಿದು ಸಾಲಲ್ಲಿ ಹೋದರೆ ಇಪ್ಪತ್ತು ಥರ ಪಲ್ಯ. ಒಂದೇ ತೊಂದರೆ, ಸೋಯಾದಲ್ಲಿ ಮೀನು, ಕೋಳಿಯ ಆಕಾರ ಮಾಡಿಟ್ಟಿರುತ್ತಾರೆ. ಅಮ್ಮ ಒಂದು ಮೀನಿನ ಬಾಲ ನೋಡಿ ಎದ್ದೇ ಬಿಟ್ಟರು. ಹೆಂಡತಿ ಎಷ್ಟು ಹೇಳಿದರೂ ಕೇಳಲಿಲ್ಲ. ಅತ್ತೆಯನ್ನು ಟೇಬಲಿನಲ್ಲಿ ಕೂರಿಸಿ, ತಟ್ಟೆ ನೀವೇ ತುಂಬಿಸಿಕೊಂಡು ಬನ್ನಿ.

ಬೋರ್ಡಿನಲ್ಲಿ ನೋಡಬೇಕಾದ ಮಲಯ್ ಮಾತುಗಳು: ಆಯಾಮ್ ಕೋಳಿ, ಇಕಾನ್ ಮೀನು, ಉಡಾಂಗ್ ಸೀಗಡಿ, ತೆಲುರ್ ಮೊಟ್ಟೆ. ಬೆಲಾಚಾನ್ ಅಂದರೆ ಸೀಗಡಿ ಅರೆದ ಮಸಾಲೆ. ಇದು ಮೋಸದ್ದು, ಬರೀ ಸೊಪ್ಪಿನ ಪಲ್ಯದಲ್ಲೂ ಇರುತ್ತದೆ. ಮಗಳು ಇವನ್ನು ಕೈ ಮೇಲೆ ಬರೆದುಕೊಂಡಿದ್ದಳು.

ತಿರುಗಾಟಕ್ಕೂ ಹೆಚ್ಚು ಬೇಡ. ಜಾರ್ಜ್ ಟೌನ್ ಒಳಗೆ ಕ್ಯಾಟ್ ಅಂತ ಬಸ್ಸು ಸುತ್ತುತ್ತದೆ, ಪುಕ್ಕಟೆ. ಪೆನಾಂಗ್ ಬೆಟ್ಟಕ್ಕೆ 204 ನಂಬರ್ ಬಸ್ಸು. ಸರಿಯಾದ ಚಿಲ್ಲರೆ ಇರಲಿ, ಡ್ರೈವರ್ ವಾಪಸ್ ಕೊಡುವುದಿಲ್ಲ. ಬೆಟ್ಟ ಹತ್ತುವ ರೈಲಿಗೆ ನಮ್ಮಂಥವರಿಗೆ 30 ರಿಂಗಿಟ್, ಊರವರಿಗಿಂತ ಜಾಸ್ತಿ. ಆದರೂ ಹತ್ತಿ. ಬರುವಾಗ ಕೆಕ್ ಲೋಕ್ ಸಿ ದೇವಸ್ಥಾನ. ಚೀನೀ ಹೊಸ ವರ್ಷದ ದೀಪಗಳನ್ನು ಇನ್ನೂ ತೆಗೆದಿರಲಿಲ್ಲ. ಕೌಲಾಲಂಪುರದಿಂದ ಬಟರ್‌ವರ್ತ್‌ಗೆ ಇಟಿಎಸ್ ರೈಲು, ನಾಲ್ಕು ಗಂಟೆಗೆ ಸ್ವಲ್ಪ ಮೇಲೆ. ಸ್ಟೇಷನ್ನಿನಿಂದ ನಡೆದುಕೊಂಡೇ ಹೋಗಿ ಪೆನಾಂಗ್‌ಗೆ ದೋಣಿ ಹತ್ತಬಹುದು. ಮಕ್ಕಳಿಗೆ ಅದೇ ದೊಡ್ಡ ಸಂಭ್ರಮ. ರೈಲೂ ಬೇಡ ಅನ್ನುವವರಿಗೆ ಚೆನ್ನೈನಿಂದ ಪೆನಾಂಗ್‌ಗೆ ನೇರ ವಿಮಾನ 2024ರ ಡಿಸೆಂಬರಿನಲ್ಲಿ ಶುರುವಾಯಿತು. ರೇಟು ಎರಡೂ ಕಡೆ ಹಾಕಿ ನೋಡಿ.

ದಸರಾ ರಜೆಯ ಯೋಚನೆ ಬಿಡಿ. ಅಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್ ಮಳೆ, ಇಲ್ಲಿ ನಿಮ್ಮ ಅತ್ತೆಗೆ ಚಾತುರ್ಮಾಸ. ಏಪ್ರಿಲ್ ಸೆಕೆ, ಆದರೆ ನಡೆಯುತ್ತದೆ.

ದಂಡದ ಕಥೆ. ಅಗ್ಗದ ಟಿಕೆಟ್ಟಿಗೆ ಕೈಚೀಲ 7 ಕೆಜಿ ಮಾತ್ರ. ನಾನು ನನ್ನದು, ಹೆಂಡತಿಯದು, ಮಗಳದು ಮನೆಯಲ್ಲೇ ತೂಕ ಹಾಕಿದ್ದೆ. ಅಮ್ಮನದು ಹಾಕಲಿಲ್ಲ. ಎರಡು ಸೀರೆ, ಅಷ್ಟೇ ಅಂದಿದ್ದರು. ಗೇಟಿನ ಹತ್ತಿರ ಆ ಹುಡುಗಿ ತಕ್ಕಡಿಗೆ ಇಟ್ಟರೆ 9.4. ತೆರೆದರೆ ಚಟ್ನಿಪುಡಿ ಎರಡು ಡಬ್ಬಿ, ಅದೂ ಸ್ಟೀಲ್ ಡಬ್ಬಿ, ಅವಲಕ್ಕಿ, ಹುರಿಗಡಲೆ, ದೇವರ ಪಟ. ಪಟ ತೆಗೆದು ನನ್ನ ಜೇಬಿಗೆ ಹಾಕಿಕೊಂಡೆ. ಸಾಲಲಿಲ್ಲ. ಹಿಂದೆ ಐವತ್ತು ಜನ ನಿಂತಿದ್ದಾರೆ. ಕಟ್ಟಿದೆ 3,800. ವಿಮಾನದಲ್ಲಿ ನಾಲ್ಕು ಗಂಟೆ ಅಮ್ಮ ನನ್ನ ಕಡೆ ತಿರುಗಲಿಲ್ಲ, ತಪ್ಪು ನನ್ನದು ಅನ್ನುವ ಹಾಗೆ.


ಬ್ರಿಕ್‌ಫೀಲ್ಡ್ಸ್ ಪಕ್ಕದವನು, ಕೌಲಾಲಂಪುರ

ಹೋಟೆಲ್ ಮಗ ಅವರು ಬರೆದದ್ದು ಸರಿ. ಶಿವಮೊಗ್ಗದವನು ನಾನು, ಕೆಲಸಕ್ಕೆ ಇಲ್ಲಿದ್ದೇನೆ. ಒಂದೆರಡು ಸೇರಿಸುತ್ತೇನೆ.

ಕೌಲಾಲಂಪುರದಲ್ಲಿ ರೂಮು ಬ್ರಿಕ್‌ಫೀಲ್ಡ್ಸ್‌ನಲ್ಲಿ ಹಿಡಿಯಿರಿ. ಕೆಎಲ್ ಸೆಂಟ್ರಲ್ ಸ್ಟೇಷನ್ ಪಕ್ಕದಲ್ಲೇ. ಏರ್‌ಪೋರ್ಟಿಗೆ, ಬಟರ್‌ವರ್ತ್‌ಗೆ, ಬಾಟು ಗುಹೆಗೆ, ಎಲ್ಲ ರೈಲೂ ಅಲ್ಲಿಂದಲೇ. ಬಾಳೆಲೆ ಊಟ ಬಾಗಿಲಲ್ಲೇ ಸಿಗುತ್ತದೆ. ಬಾಟು ಗುಹೆಗೆ 272 ಮೆಟ್ಟಿಲು. ಅತ್ತೆ ಹತ್ತದಿದ್ದರೆ ಪರವಾಗಿಲ್ಲ, 140 ಅಡಿ ಮುರುಗನ ವಿಗ್ರಹ ಕೆಳಗೇ ಇದೆ. ಕೋತಿ ಹುಷಾರು. ಕವರು ಹಿಡಿದುಕೊಂಡು ಹೋದರೆ ಕೈಯಿಂದಲೇ ಕಿತ್ತುಕೊಳ್ಳುತ್ತವೆ.

ರೋಟಿ ಚನಾಯ್ ಬಗ್ಗೆ ಒಂದು ಎಚ್ಚರ. ನಮ್ಮ ಪರೋಟ ಥರದ್ದು, ಮಕ್ಕಳಿಗೆ ತುಂಬ ಹಿಡಿಸುತ್ತದೆ. ಇಲ್ಲಿಯ ಮಾಮಾಕ್ ಅಂಗಡಿಗಳು, ಅಂದರೆ ತಮಿಳು ಮುಸ್ಲಿಮರವು, ಎಷ್ಟೋ ಕಡೆ ರಾತ್ರಿಯಿಡೀ ತೆರೆದಿರುತ್ತವೆ. ಅಗ್ಗ. ಆದರೆ ದಾಲಿನ ಮೇಲೆ ಮೀನಿನ ಸಾರೋ ಕೋಳಿ ಸಾರೋ ಒಂದು ಸೌಟು ಸುರಿದುಬಿಡುತ್ತಾರೆ. ಇಲ್ಲಿಯವರಿಗೆ ಅದೇ ರುಚಿ. “ದಾಲ್ ಸಾಜಾ” ಅನ್ನಿ, ಬರೀ ದಾಲ್ ಅಂತ ಅರ್ಥ. ಅತ್ತೆಯವರಿಗಂತೂ ಪೂರ್ತಿ ಸಸ್ಯಾಹಾರಿ ಹೋಟೆಲೇ ವಾಸಿ. ಕಾವಲಿ ಒಂದೇ ಇರುತ್ತದಲ್ವಾ. ಕಾಫಿ ಕೇಳಿದರೆ ಕಂಡೆನ್ಸ್ಡ್ ಮಿಲ್ಕ್ ಹಾಕಿ ಪಾಯಸ ಮಾಡಿ ಕೊಡುತ್ತಾರೆ. ಹಾಲಿಲ್ಲದ್ದು ಬೇಕಾದರೆ “ಕೋಪಿ ಓ”. ಸಕ್ಕರೆಯೂ ಬೇಡ ಅಂದರೆ “ಕೋಪಿ ಓ ಕೊಸೋಂಗ್”. ಪಾರ್ಸಲ್ಲಿಗೆ “ಬುಂಗ್‌ಕುಸ್”.

ಇಲ್ಲಿಗೆ ಬರುವ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ಆನ್‌ಲೈನಲ್ಲಿ ತುಂಬಬೇಕು. ಮಕ್ಕಳದ್ದೂ ಬೇರೆ ಬೇರೆ. ಸರಕಾರಿ ಸೈಟಿನಲ್ಲಿ ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ಸೈಟು ಬಂದರೆ ಮುಚ್ಚಿಬಿಡಿ. ನನ್ನ ಭಾವ ಹಾಗೆ ಕಟ್ಟಿ ಬಂದು ನನಗೇ ಬೈದರು. ಕಾರ್ಡ್ ಉಜ್ಜುವಾಗ ಮೆಷಿನ್ನು ರೂಪಾಯಿಯಲ್ಲಾ ರಿಂಗಿಟ್ಟಲ್ಲಾ ಅಂತ ಕೇಳುತ್ತದೆ. ರಿಂಗಿಟ್ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ರೇಟು.


ಕುವೆಂಪುನಗರದ ಲೆಕ್ಕದಮ್ಮ, ಮೈಸೂರು

ಎಲ್ಲರಿಗೂ ತುಂಬ ಧನ್ಯವಾದ. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಪಶುಪತಿನಾಥ ಅಂದಾಗ ಕೈ ಮುಗಿದರು. ಪೊರಕೆಯ ಭಾಗ ಬಂದಾಗ ಇನ್ನೊಂದು ಸಲ ಓದು ಅಂದರು. ಆಮೇಲೆ, “ನೇಪಾಳ ಆಮೇಲೆ ನೋಡೋಣ, ಮೊದಲು ಆ ದೋಸೆ” ಅಂತ ತೀರ್ಮಾನ ಕೊಟ್ಟರು. ಸೋಯಾ ಮೀನಿನ ವಿಷಯ ಮಾತ್ರ ಓದಲಿಲ್ಲ, ಹಾರಿಸಿದೆ.

ಕದ್ರಿ ಅಕ್ಕ, ನೀವು ಹೇಳಿದ ಹಾಗೆ ನಡಿಗೆ ಪರೀಕ್ಷೆ ಮಾಡಿದೆ. ದೇವರಾಜ ಮಾರ್ಕೆಟ್ ಒಂದು ಸುತ್ತು, ಅಲ್ಲಿಂದ ಅರಮನೆ ಬಾಗಿಲವರೆಗೆ. ನನಗೆ ಸುಸ್ತಾಯಿತು, ಅವರಿಗಲ್ಲ. ಆದರೂ ವೀಲ್‌ಚೇರ್ ಕೇಳುತ್ತೇನೆ.

ಮೈಲಾರಿಗೆ ಎರಡು ಭಾನುವಾರ ಹೋದೆವು. ಮೊದಲ ಸಲ 610, ಎರಡನೇ ಸಲ ಮಗ ನಾಲ್ಕು ದೋಸೆ ತಿಂದದ್ದಕ್ಕೆ 720. ಉಳಿದದ್ದನ್ನು ಅಂಚೆ ಕಚೇರಿಯ ಆರ್‌ಡಿಗೆ ಹಾಕುತ್ತಿದ್ದೇನೆ. ಯಜಮಾನರಿಗೆ ಭಾನುವಾರ ಬೆಳಿಗ್ಗೆ ಆರೂವರೆಗೆ ಏಳುವುದೇ ಶಿಕ್ಷೆ. ನಿಮ್ಮ ಐಡಿಯಾ ಅಂತ ಹೇಳಿದ್ದೇನೆ, ಹೋಟೆಲ್ ಮಗ ಅವರೇ, ಸ್ವಲ್ಪ ಹುಷಾರು.

ಪಾಸ್‌ಪೋರ್ಟಿನಲ್ಲಿ ಒಂದು ಗಂಟು ಬಿದ್ದಿದೆ. ಅತ್ತೆಯ ಆಧಾರ್‌ನಲ್ಲಿ ಹೆಸರಿನ ಹಿಂದೆ ಬರೀ ಇನಿಷಿಯಲ್, ವೋಟರ್ ಐಡಿಯಲ್ಲಿ ಮಾವನ ಪೂರ್ತಿ ಹೆಸರು, ಬ್ಯಾಂಕಿನಲ್ಲಿ ಹುಟ್ಟಿದ ಮನೆಯ ಹೆಸರು. ಮೂರು ಕಡೆ ಮೂರು ಹೆಂಗಸು. ಯಾವುದನ್ನು ಹಿಡಿಯುವುದು? ಮತ್ತೆ ಅವರದೇ ಇನ್ನೊಂದು ಪ್ರಶ್ನೆ, ಮೆಂತ್ಯದ ಹಿಟ್ಟು ತೆಗೆದುಕೊಂಡು ಹೋಗಬಹುದಾ ಅಂತ.


ಹೋಟೆಲ್ ಮಗ, ಹಾಸನ

ನಮ್ಮ ಅಮ್ಮನದೂ ಇದೇ ಕಥೆ. ಅರ್ಜಿ ಹಾಕುವ ಮುಂಚೆ ಆಧಾರ್ ಸರಿ ಮಾಡಿಸಿಕೊಂಡೆವು. ಇನಿಷಿಯಲ್ ಬಿಡಿಸಿ ಪೂರ್ತಿ ಹೆಸರು ಹಾಕಿಸಿ, ಅದೇ ಅಕ್ಷರಗಳಲ್ಲಿ ಪಾಸ್‌ಪೋರ್ಟ್ ಅರ್ಜಿ, ಅದೇ ಅಕ್ಷರಗಳಲ್ಲಿ ಟಿಕೆಟ್. ಟೈಮ್ ಇದೆ, ಅವಸರ ಮಾಡಬೇಡಿ. ನೀವು ಪುಣ್ಯವಂತರು, ಬೆಂಗಳೂರಿಗೆ ಓಡಬೇಕಿಲ್ಲ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಕೇಂದ್ರ ಅಂತ ದೇಶದಲ್ಲಿ ಶುರು ಮಾಡಿದಾಗ, 2017ರಲ್ಲಿ, ಮೊದಲ ಎರಡರಲ್ಲಿ ಒಂದು ಮೈಸೂರಿಗೇ ಬಂದದ್ದು. ದೊಡ್ಡವರಿಗೆ ಫೀಸು 1,500, ಮಕ್ಕಳಿಗೆ 1,000. 60 ದಾಟಿದವರಿಗೆ ಶೇ 10 ಕಡಿಮೆ. ಅತ್ತೆಗೆ 1,350 ಅಂತ ಪುಸ್ತಕದಲ್ಲಿ ಬರೆದುಕೊಳ್ಳಿ.

ಮೆಂತ್ಯದ ಹಿಟ್ಟು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ದೊಡ್ಡ ಬ್ಯಾಗಿಗೆ ಹಾಕಿ. ಸ್ಟೀಲ್ ಡಬ್ಬಿ ಬೇಡ. ಐದು ಜನಕ್ಕೆ 20 ಕೆಜಿಯ ಒಂದು ಬ್ಯಾಗನ್ನು ಟಿಕೆಟ್ ಮಾಡುವಾಗಲೇ ದುಡ್ಡು ಕಟ್ಟಿ ತೆಗೆದುಕೊಂಡುಬಿಡಿ, ಗೇಟಿನ ದಂಡಕ್ಕಿಂತ ಅಗ್ಗ. ಮತ್ತೆ, ಎರಡು ಸೀರೆ ಅಷ್ಟೇ ಅಂದರೆ ನಂಬಬೇಡಿ. ಅವರು ಮಲಗಿದ ಮೇಲೆ ತೂಕ ಹಾಕಿ.